ಗೆರೆಯಾಚೆಯ ಆಟ

ಕಾಲ್ಚೆಂಡಿನ ಪಂದ್ಯದಲ್ಲಿ ಆಡುವವರು ಇಪ್ಪತ್ತೆರಡು ಮಂದಿ ಎಂದು ನಿಯಮಾವಳಿ ಹೇಳುತ್ತದೆ. ನನ್ನ ಅನುಭವದಲ್ಲಿ ಅದು ಪೂರ್ತಿ ನಿಜವಲ್ಲ. ಸುಣ್ಣದ ಗೆರೆಯ ಆಚೆ ನಿಂತ ಇನ್ನೂರು ಮಂದಿಯೂ ಒಂದು ಆಟವನ್ನು ಆಡುತ್ತಿರುತ್ತಾರೆ. ಅಲ್ಲಿ ಮಾತೇ ಚೆಂಡು, ನಗೆಯೇ ಗೋಲು. ಆ ಆಟಕ್ಕೆ ಶಿಳ್ಳೆ ಊದುವವನಿಲ್ಲ. ಆದರೆ ನಿಯಮಗಳಿಲ್ಲವೆಂದು ತಿಳಿದರೆ ತಪ್ಪಾಗುತ್ತದೆ. ಆ ನಿಯಮಗಳು ಯಾವುವು, ಅವು ಮುರಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಮೈಸೂರಿಗೆ ಪಡುವಣದ ಈ ನಾಲ್ಕು ತಾಲ್ಲೂಕುಗಳ ನಡುವೆಯೇ ಕನ್ನಡ ಮೇಷ್ಟರಾಗಿ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಈ ಕಡೆ ಆಟವೆಂದರೆ ಮೊದಲು ನೆನಪಾಗುವುದು ಕುಸ್ತಿ, ಕಬಡ್ಡಿ, ವಾಲಿಬಾಲ್. ಆದರೂ ಕಾಲ್ಚೆಂಡು ಇಲ್ಲಿಗೆ ಅಪರಿಚಿತವಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆನಿಂತರು. ಹುಣಸೂರಿನ ಗುರುಪುರದಲ್ಲಿಯೂ ಅವರ ವಸತಿಯುಂಟು. ಆ ಜನಕ್ಕೆ ಕಾಲ್ಚೆಂಡಿನ ಮೇಲೆ ಬಲು ಮೋಹ. ದಲೈಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಆರಂಭವಾದ ಪಂದ್ಯಾವಳಿಯಲ್ಲಿ ಭಾರತ, ನೇಪಾಳಗಳ ಟಿಬೆಟನ್ ವಸತಿಗಳ ತಂಡಗಳು ಸೆಣಸುತ್ತವೆ. ನಮ್ಮ ಕಾಲೇಜುಗಳ ಹುಡುಗರು ಆಡುತ್ತಿದ್ದುದು ಅಷ್ಟು ದೊಡ್ಡ ಆಟವೇನಲ್ಲ. ಅಂತರ ಕಾಲೇಜು ಪಂದ್ಯಗಳು, ಅಷ್ಟೆ. ಆದರೆ ಆ ಪಂದ್ಯಗಳ ಸುತ್ತ ಹುಟ್ಟುತ್ತಿದ್ದ ಮಾತು ಮಾತ್ರ ಅಷ್ಟಿಷ್ಟಲ್ಲ.

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಎಲೆ ಹದಗೊಳಿಸುವ ದಿನಗಳಲ್ಲಿ ಮನೆಯ ಗಂಡುಮಕ್ಕಳು ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಉರಿ ಕಾಯಬೇಕು. ಆ ಕಡೆಯ ಗೋಲ್‌ಕೀಪರ್ ಒಂದು ಚೆಂಡು ಬಿಟ್ಟನೆಂದರೆ ಸಾಕು, ಎದುರು ಗುಂಪಿನಿಂದ ಕೂಗು: “ರಾತ್ರಿಯೆಲ್ಲ ಬ್ಯಾರನ್ ಕಾದವ್ನೆ ಕಣ್ರೋ, ಮಲಗಲಿ ಬಿಡ್ರೋ!” ಕೃಷ್ಣರಾಜನಗರ ಕಾವೇರಿಯ ನೀರುಂಡ ಭತ್ತದ ನಾಡು. ಮಳೆಗೆ ಅಂಗಳ ಕೆಸರಾಗಿ ಆ ತಂಡ ಜಾರಿತೋ, ಹುಣಸೂರಿನವರು ಬಿಡುತ್ತಿರಲಿಲ್ಲ: “ಗೋಲ್ ಆಮೇಲೆ ಹೊಡೀರಪ್ಪ, ಮೊದ್ಲು ನಾಟಿ ಮುಗಿಸ್ಕೊಳ್ಳಿ!” ಅದಕ್ಕೆ ಅವರ ಮರುತ್ತರ: “ನಾವು ನಾಟಿ ಹಾಕಿದ್ರೇನೆ ನಿಮ್ಗೆ ಅನ್ನ ಕಣ್ರೋ!” ಆಗ ಎರಡೂ ಕಡೆ ನಗು.

ಈ ಸಣ್ಣ ಮಾತುಗಳಲ್ಲಿ ಗೇಲಿಯ ಲಕ್ಷಣವೆಲ್ಲ ಅಡಗಿದೆ. ಮೊದಲನೆಯದಾಗಿ, ಬ್ಯಾರನ್ನಿನ ಬಿಸಿ ಗೊತ್ತಿಲ್ಲದವನಿಗೆ ಆ ಹಾಸ್ಯ ಹೊಳೆಯುವುದಿಲ್ಲ. ಆಡಿದವನೂ ಕೇಳಿದವನೂ ಒಂದೇ ಬದುಕಿನ ಪಾಲುದಾರರೆಂಬ ಗುಟ್ಟನ್ನು ಅದು ಬಯಲು ಮಾಡುತ್ತದೆ. ಎರಡನೆಯದಾಗಿ, ಅದಕ್ಕೆ ಮರುತ್ತರ ಕೊಡುವ ಅವಕಾಶವಿದೆ. ಚೆಂಡನ್ನು ಒದ್ದ ಮೇಲೆ ಅದು ಹಿಂದಿರುಗಿ ಬರಬೇಕಷ್ಟೆ. ಇಲ್ಲವಾದರೆ ಅದು ಆಟವೆನ್ನಿಸಿಕೊಳ್ಳದು. ಮೂರನೆಯದಾಗಿ, ಒಳ್ಳೆಯ ಅಭಿಮಾನಿ ಎದುರಾಳಿಗಿಂತ ಮೊದಲು ತನ್ನ ತಂಡವನ್ನೇ ಹಾಸ್ಯಮಾಡಬಲ್ಲ. ನಾಲ್ಕು ಗೋಲು ಬಿಟ್ಟ ಮೇಲೂ “ಉತ್ತರನ ಪೌರುಷ ಒಲೆಯ ಮುಂದೆ” ಎಂದು ತಮ್ಮವರನ್ನೇ ಅಣಕಿಸಿ, ಮರುವಾರ ಅದೇ ತಂಡದ ಹಿಂದೆ ಬಸ್ಸು ಹತ್ತಿದ ಹುಡುಗರನ್ನು ನಾನು ಬಲ್ಲೆ.

ಈ ಆತ್ಮಹಾಸ್ಯ ಇಲ್ಲದಿದ್ದರೆ ಅಭಿಮಾನ ಬದುಕುವುದೇ ಕಷ್ಟ. ನಮ್ಮ ರಾಜ್ಯದ ತಂಡವನ್ನೇ ನೋಡಿ. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ ಅದು ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆ ಸಾಲಿನಲ್ಲಿ ಕೊನೆಯದು 1968-69ರದು. ಐದನೆಯ ಗೆಲುವಿಗೆ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ದೂರದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ನಡುವಿನ ಅರ್ಧ ಶತಮಾನವನ್ನು ಅಭಿಮಾನಿಗಳು ಗೆಲುವಿನಿಂದ ಕಳೆಯಲಿಲ್ಲ. ನೆನಪಿನಿಂದ, ಪರಸ್ಪರ ಕೀಟಲೆಯಿಂದ ಕಳೆದರು.

ಮೂದಲಿಕೆ ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಹೊರಗೆಳೆದು ತರುವುದು ಭೀಮನ ಗದೆಯಲ್ಲ, ಅವನ ಮಾತು. ಆದರೆ ಅಲ್ಲಿನ ಮಾತಿನ ಕೊನೆ ತೊಡೆ ಮುರಿಯುವುದರಲ್ಲಿ. ಆಟದ ಅಂಗಳದ ಮೂದಲಿಕೆಯಾದರೋ ಚಹದಂಗಡಿಯಲ್ಲಿ ಕೊನೆಗೊಳ್ಳಬೇಕು. ಭರತಮುನಿ ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಸ್ಮಿತ, ಹಸಿತಗಳು ಉತ್ತಮರವು. ವಿಹಸಿತ, ಉಪಹಸಿತಗಳು ಮಧ್ಯಮರವು. ಅಪಹಸಿತ, ಅತಿಹಸಿತಗಳು ಅಧಮರವು. ಅವನು ಎಣಿಸಿದ್ದು ಪಾತ್ರಗಳ ಅಂತಸ್ತನ್ನು. ನನಗೆ ಅನ್ನಿಸುವುದು ಬೇರೆ: ಒಬ್ಬನೇ ಮನುಷ್ಯ, ಒಂದೇ ಮಧ್ಯಾಹ್ನದಲ್ಲಿ, ಈ ಆರು ಮೆಟ್ಟಿಲುಗಳನ್ನೂ ಇಳಿದುಬಿಡಬಲ್ಲ. ಇಳಿಯುವಾಗ ಮೆಟ್ಟಿಲು ಕಾಣಿಸುವುದಿಲ್ಲ.

ನಾನೇ ಕಂಡ ಒಂದು ಪ್ರಸಂಗ. ಕೋಟೆಯ ಕಡೆಯಿಂದ ಬಂದ ತಂಡವೊಂದರಲ್ಲಿ ಹಾಡಿಯ ಹುಡುಗನೊಬ್ಬನಿದ್ದ. ಬಲಬದಿಯಲ್ಲಿ ಅವನು ಓಡತೊಡಗಿದರೆ ನಮ್ಮವರು ಯಾರಿಗೂ ಸಿಗುತ್ತಿರಲಿಲ್ಲ. “ಹಿಂದೆ ಆನೆ ಬಂತೇನ್ಲಾ?” ಎಂದು ನಮ್ಮ ಗುಂಪಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು, ಹುಡುಗನೂ ನಕ್ಕು, “ನೀವೇ ಕಣಣ್ಣ ಆನೆ, ಅದಕ್ಕೇ ನಿಧಾನ!” ಎಂದು ಕೂಗಿ ಮುಂದೆ ಓಡಿದ. ಆಟವೆಂದರೆ ಅದು. ಎರಡನೆಯ ಅರ್ಧದಲ್ಲಿ ಅವನು ಗೋಲು ಹೊಡೆದ. ಆಗ ನಮ್ಮ ಗುಂಪಿನಿಂದಲೇ ಬಂದ ಮಾತು: “ಕಾಡಿಗೆ ವಾಪಸ್ ಹೋಗೋ!” ಜೊತೆಗೆ ಅವನ ಜಾತಿಯ ಹೆಸರು.

ಕಬಿನಿಯ ಹಿನ್ನೀರಿನಿಂದಲೂ, ನಾಗರಹೊಳೆ, ಬಂಡೀಪುರಗಳನ್ನು ವನ್ಯಮೃಗಗಳಿಗೆ ಮೀಸಲಿಟ್ಟದ್ದರಿಂದಲೂ ಆ ತಾಲ್ಲೂಕಿನಲ್ಲಿ ಎಷ್ಟೋ ಹಾಡಿಗಳು ಕಾಡನ್ನು ಬಿಟ್ಟು ರಸ್ತೆಬದಿಗೆ ಬಂದವು. ಹಿಂದಿರುಗಿ ಹೋಗಲು ಅನುಮತಿಯೇ ಇಲ್ಲದವನಿಗೆ ‘ಕಾಡಿಗೆ ಹೋಗು’ ಎನ್ನುವುದರಲ್ಲಿ ಎಂಥ ಹಾಸ್ಯವಿದೆ? ಹುಡುಗ ಒಮ್ಮೆ ನಿಂತು ನಮ್ಮ ಕಡೆ ನೋಡಿದ. ಈ ಸಲ ಮರುತ್ತರ ಬರಲಿಲ್ಲ. ನಾನು ಮೇಷ್ಟರು; ಗುಂಪಿನ ನಡುವೆಯೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ನಿಜ ಹೇಳಬೇಕೆಂದರೆ, ಮಾತಿನ ಅರ್ಥ ತಲೆಗೆ ಇಳಿಯುವ ಮೊದಲೇ ನನ್ನ ತುಟಿಯೂ ಅರಳಿತ್ತು. ಮರುವರ್ಷ ಅವರ ತಂಡ ಬಂದಾಗ ಅವನಿರಲಿಲ್ಲ. ಓದು ಬಿಟ್ಟನೋ, ಆಟ ಬಿಟ್ಟನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅಂದಿನಿಂದ ನಾಲ್ಕನೆಯ ನಿಯಮವೊಂದು ನನಗೆ ಸ್ಪಷ್ಟವಾಯಿತು. ಒಬ್ಬನು ಮಾಡಿದ್ದನ್ನು ನಗಬಹುದು. ಅವನು ಹುಟ್ಟಿದ್ದನ್ನು ನಗಬಾರದು. ಪರಿಹಾಸಕ್ಕೂ ಅಪಹಾಸ್ಯಕ್ಕೂ ಇರುವ ಗೆರೆ ಅದೇ. ಕಲ್ಕತ್ತೆಯ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ತಂಡಗಳ ಅಭಿಮಾನಿಗಳು ಒಬ್ಬರನ್ನೊಬ್ಬರು ಮೀನಿನ ಹೆಸರಿನಲ್ಲಿ ಕೆಣಕುತ್ತಾರೆ. ಮೊದಲನೆಯವರದು ಸೀಗಡಿ, ಎರಡನೆಯವರದು ಹಿಲ್ಸಾ. ಅಲ್ಲಿಯವರೆಗೆ ಅದು ಊಟದೆಲೆಯ ಜಗಳ. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದವರ ನೋವನ್ನು ಮುಟ್ಟಿದೊಡನೆ ಅದು ಬೇರೆಯಾಗುತ್ತದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ತಂಡಗಳ ಪಂದ್ಯದ ವೇಳೆ ಪ್ರೇಕ್ಷಕರ ಹೊಡೆದಾಟ, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಸತ್ತವರು ಆಟ ನೋಡಲು ಮನೆಯಿಂದ ಹೊರಟವರು.

ಹಾಗಾದರೆ ಕೆಣಕುವುದನ್ನೇ ಬಿಡೋಣವೆ? ಬೇಡ. ಬೈಲುಕುಪ್ಪೆಯ ಸೆರಾ ವಿಹಾರದ ಅಂಗಳದಲ್ಲಿ ಸಂನ್ಯಾಸಿಗಳ ತರ್ಕವನ್ನು ನೋಡಿದವರಿಗೆ ಈ ಮಾತು ಹೊಳೆದೀತು. ಉತ್ತರ ಹೇಳುವವನು ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಎಡಗಾಲನ್ನು ನೆಲಕ್ಕಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಸವಾಲೆಸೆಯುತ್ತಾನೆ. ಸುತ್ತಲಿನವರು ತಪ್ಪಿದವನನ್ನು ಕಂಡು ನಗುತ್ತಾರೆ. ದೂರದಿಂದ ನೋಡಿದರೆ ಹೊಡೆದಾಟವೆಂದೇ ಭ್ರಮೆ. ಆದರೆ ಆ ಏಟು ಬೀಳುವುದು ಎದುರಾಳಿಯ ವಾದದ ಮೇಲೆ, ಎದುರಾಳಿಯ ಮೇಲಲ್ಲ. ಸಂಜೆ ಗಂಟೆ ಬಾರಿಸಿತೆಂದರೆ ಅವರಿಬ್ಬರೂ ಒಟ್ಟಿಗೇ ನಡೆದು ಹೋಗುತ್ತಾರೆ.

ನಮ್ಮ ಕಾಲೇಜಿನ ಹುಡುಗರಿಗೆ ಬೇಕಾದದ್ದು ಇಷ್ಟೆ. ಗಂಟಲು ಬಿಚ್ಚಿ ಕೂಗಲಿ. ಬ್ಯಾರನ್ನನ್ನೂ ಗದ್ದೆಯನ್ನೂ ಆನೆಯನ್ನೂ ಬಿಡದೆ ಕರೆತರಲಿ. ಆದರೆ ಗೆರೆಯಾಚೆಯ ಆ ಆಟಕ್ಕೆ ಶಿಳ್ಳೆ ಊದುವವನಿಲ್ಲವೆಂದು ಮೊದಲೇ ಹೇಳಿದೆನಲ್ಲ, ಅದನ್ನು ಈಗ ತಿದ್ದಿಕೊಳ್ಳುತ್ತೇನೆ. ಗುಂಪಿನಲ್ಲಿ ನಿಂತ ಪ್ರತಿಯೊಬ್ಬನ ಕೊರಳಲ್ಲೂ ಒಂದು ಶಿಳ್ಳೆ ಇರುತ್ತದೆ. ಆ ದಿನ ನನ್ನ ಕೊರಳಲ್ಲೂ ಇತ್ತು. ಊದಬೇಕಾದಾಗ ನಾನು ಊದಲಿಲ್ಲ.