ಚಂದ್ರನ ಅಂಚಿನಿಂದ ವಿಶ್ವದ ಅಳತೆ

ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಶಕವರ್ಷ 867ರ, ಎಂದರೆ ಕ್ರಿ.ಶ. 945ರ, ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣದಂದು ಅಲ್ಲಿನ ವಿದ್ಯಾಶಾಲೆಗೆ ದತ್ತಿ ಬಿಟ್ಟುದನ್ನು ಅದು ತಿಳಿಸುತ್ತದೆ. ನಮ್ಮ ಹಿರಿಯರಿಗೆ ಗ್ರಹಣವು ದಾನಕ್ಕೆ ಯೋಗ್ಯವಾದ ಪುಣ್ಯಕಾಲ. ಕಳೆದ ಶತಮಾನದಲ್ಲಿ ಅದೇ ಚಂದ್ರನ ಮರೆಯು ವಿಜ್ಞಾನಿಗಳಿಗೆ ಅಳತೆಗೋಲೂ ಆಯಿತು.

ಪೂರ್ಣಗ್ರಹಣದಲ್ಲಿ ಸೂರ್ಯಬಿಂಬವೆಲ್ಲ ಮುಚ್ಚಲು ಒಂದು ಗಂಟೆಗೂ ಮಿಕ್ಕಿದ ಕಾಲ ಬೇಕು. ಆದರೆ ಚಂದ್ರನ ಹಿಂದೆ ಸರಿಯುವ ನಕ್ಷತ್ರವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಯವಾಗುತ್ತದೆ. ಚಂದ್ರನು ತಾರೆಗಳ ನಡುವೆ ಸೆಕೆಂಡಿಗೆ ಸುಮಾರು ಅರ್ಧ ವಿಕಲೆಯಷ್ಟು ಚಲಿಸುತ್ತಾನೆ. ಆದುದರಿಂದ ಮರೆಯಾಗಲು ಹಿಡಿದ ಕಾಲವನ್ನು ಬಲ್ಲೆವಾದರೆ ಮರೆಯಾದ ವಸ್ತುವಿನ ಕೋನೀಯ ಗಾತ್ರವನ್ನೂ ಬಲ್ಲೆವು. ಒಂದು ವಿಕಲೆ ಎಂದರೆಷ್ಟು? ಜೋಳದ ಕಾಳೊಂದನ್ನು ಒಂದು ಕಿಲೋಮೀಟರ್ ದೂರದಿಂದ ನೋಡಿದರೆ ಅದು ಸುಮಾರು ಒಂದು ವಿಕಲೆಯಷ್ಟು ಕಂಡೀತು.

ರೇಡಿಯೋ ಖಗೋಲಶಾಸ್ತ್ರಕ್ಕೆ ಈ ಉಪಾಯ ಅನಿವಾರ್ಯವಾಗಿತ್ತು. ದೂರದರ್ಶಕದ ಸೂಕ್ಷ್ಮತೆಯು ಅಲೆಯುದ್ದಕ್ಕೂ ದರ್ಶಕದ ಅಗಲಕ್ಕೂ ಇರುವ ಪ್ರಮಾಣವನ್ನು ಅವಲಂಬಿಸುತ್ತದೆ. ರೇಡಿಯೋ ಅಲೆಗಳು ಬೆಳಕಿನ ಅಲೆಗಳಿಗಿಂತ ಲಕ್ಷಾಂತರ ಪಟ್ಟು ಉದ್ದ. ಹೀಗಾಗಿ ದೊಡ್ಡ ದರ್ಶಕಕ್ಕೂ ಆಕಾಶವು ಮಸುಕಾಗಿಯೇ ತೋರುತ್ತದೆ. 1962ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು 3ಸಿ 273 ಎಂಬ ರೇಡಿಯೋ ಆಕರವು ಚಂದ್ರನ ಮರೆಗೆ ಸರಿಯುವುದನ್ನು ಗಮನಿಸಿ, ಅದರ ಸ್ಥಾನವನ್ನು ನಿಷ್ಕೃಷ್ಟವಾಗಿ ಗೊತ್ತುಮಾಡಿದರು. ಅಲ್ಲಿ ಇದ್ದುದು ಸಾಮಾನ್ಯ ನಕ್ಷತ್ರದಂತೆ ತೋರುವ ಒಂದು ಚುಕ್ಕೆ. 1963ರಲ್ಲಿ ಮಾರ್ಟೆನ್ ಶ್ಮಿಟ್ ಅದರ ರೋಹಿತವನ್ನು ಪರೀಕ್ಷಿಸಿದಾಗ, ಜಲಜನಕದ ರೇಖೆಗಳು ಕೆಂಪಿನ ಕಡೆಗೆ ಶೇಕಡಾ 16ರಷ್ಟು ಸರಿದಿದ್ದುವು. ಆ ಚುಕ್ಕೆ ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಯದು! ಕ್ವೇಸಾರ್‌ಗಳ ಪರಿಚಯ ನಮಗಾದುದು ಹೀಗೆ.

ಈ ವಿಧಾನಕ್ಕೆಂದೇ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ನಮ್ಮ ನೆರೆಯ ಉದಕಮಂಡಲದಲ್ಲಿ ಒಂದು ದೂರದರ್ಶಕವನ್ನು ಕಟ್ಟಿತು. 1970ರಲ್ಲಿ ಸಿದ್ಧವಾದ ಇದರ ಉದ್ದ 530 ಮೀಟರ್, ಅಗಲ 30 ಮೀಟರ್. ಆ ಸ್ಥಳದ ಅಕ್ಷಾಂಶದಷ್ಟೇ, ಎಂದರೆ ಸುಮಾರು 11 ಡಿಗ್ರಿ, ಇಳಿಜಾರುಳ್ಳ ಗುಡ್ಡದ ಮೇಲೆ ಇದನ್ನು ನಿಲ್ಲಿಸಿದುದರಿಂದ ಇದರ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾಂತರ. ಆದಕಾರಣ ಒಂದೇ ಅಕ್ಷದ ಸುತ್ತ ತಿರುಗಿಸಿ ಚಂದ್ರನನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. 92 ಸೆಂಟಿಮೀಟರ್ ಅಲೆಯುದ್ದದಲ್ಲಿ ಈ ಮಹಾಯಂತ್ರದ ಸ್ವಂತ ದೃಷ್ಟಿ ಐದಾರು ಕಲೆಗಳಿಗಿಂತ ಸೂಕ್ಷ್ಮವಲ್ಲ. ಚಂದ್ರನ ನೆರವಿನಿಂದಲಾದರೋ ಅದು ಕೆಲವೇ ವಿಕಲೆಗಳಿಗೆ ಇಳಿಯಿತು.

ಒಂದು ತೊಡಕಿತ್ತು. ಅಂಚನ್ನು ಸವರಿ ಬರುವ ಅಲೆಗಳು ವಿವರ್ತನೆ ಹೊಂದುವುದರಿಂದ, ಸಂಕೇತವು ಥಟ್ಟನೆ ನಿಲ್ಲದೆ ಏರಿಳಿಯುತ್ತ ಕುಗ್ಗುತ್ತದೆ. ಆಕರವು ಕಿರಿದಾದಷ್ಟೂ ಈ ಏರಿಳಿತ ಸ್ಪಷ್ಟ. ಹಿರಿದಾದರೆ ಅದು ಅಳಿಸಿಹೋಗುತ್ತದೆ. ಆ ಏರಿಳಿತದಿಂದಲೇ ಆಕರದ ರೂಪವನ್ನು ಗಣಿತದ ಮೂಲಕ ಮರಳಿ ಪಡೆಯುವ ಮಾರ್ಗವನ್ನು ಷಾಯರ್ 1962ರಲ್ಲಿ ತೋರಿಸಿದ್ದರು. ತೊಡಕೇ ಸಾಧನವಾಯಿತು.

ಉದಕಮಂಡಲದಲ್ಲಿ ನೂರಾರು ಆಕರಗಳನ್ನು ಹೀಗೆ ಅಳೆದರು. ಕ್ಷೀಣವಾದ ಆಕರಗಳು ಸರಾಸರಿಯಲ್ಲಿ ಕಿರಿದಾಗಿಯೂ ಇರುವುವೆಂದು 1975ರಲ್ಲಿ ಸ್ವರೂಪ್ ಮತ್ತು ವಿಜಯ ಕಪಾಹಿ ತೋರಿಸಿದರು. ದೂರದ ಆಕರಗಳೆಂದರೆ ಪ್ರಾಚೀನ ಆಕರಗಳು. ಅಂದಿನ ಆಕರಗಳ ಸಂಖ್ಯೆಯೂ ಗಾತ್ರವೂ ಇಂದಿನಂತಿರಲಿಲ್ಲವೆಂದು ಭಾವಿಸಿದರೆ ಮಾತ್ರ ಈ ಅಳತೆಗಳು ಹೊಂದುತ್ತಿದ್ದುವು. ವಿಶ್ವವು ಎಂದೆಂದಿಗೂ ಒಂದೇ ತೆರನೆಂಬ ಸ್ಥಿರಸ್ಥಿತಿ ವಾದಕ್ಕೆ ಇದು ಪ್ರತಿಕೂಲವಾದ ಸಾಕ್ಷ್ಯ.

ಚಂದ್ರನ ಹಾದಿಯಾದರೋ ಆಕಾಶದ ಒಂದು ಕಿರುಪಟ್ಟಿ ಮಾತ್ರ. ಅದರಾಚೆಯ ಆಕರಗಳಿಗೆ ಬೇರೆ ದಾರಿ ಬೇಕು. ದೂರದೂರದ ದರ್ಶಕಗಳನ್ನು ಒಗ್ಗೂಡಿಸಿ ಭೂಗೋಲದಷ್ಟೇ ಅಗಲದ ಒಂದು ದರ್ಶಕದಂತೆ ಬಳಸುವುದೇ ಆ ದಾರಿ. 2019ರಲ್ಲಿ ಪ್ರಕಟವಾದ, ಎಂ 87 ಗ್ಯಾಲಕ್ಸಿಯ ಕಪ್ಪುಕುಳಿಯ ಸುತ್ತಣ ಉಂಗುರದ ಚಿತ್ರವು ಇದರ ಫಲ. ಆ ಉಂಗುರದ ಅಗಲ ವಿಕಲೆಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 42 ಭಾಗ ಮಾತ್ರ. ಆಕಾಶದ ವಸ್ತುಗಳನ್ನು ನಾವು ಹತ್ತಿರಕ್ಕೆ ತರಲಾರೆವು. ಅಳೆಯುವ ಜಾಣ್ಮೆಯನ್ನು ಹೆಚ್ಚಿಸಿಕೊಳ್ಳಬಲ್ಲೆವು.