ಮೇಜುಬಟ್ಟೆಯಿಂದ ಅಂಚೆಚೀಟಿಯವರೆಗೆ: ಕ್ರಿಸ್ ಲೆಬೊ

ನೆದರ್ಲೆಂಡ್ಸ್‌ನಲ್ಲಿ 1924ರಲ್ಲಿ ಕಡಿಮೆ ಬೆಲೆಯ ಅಂಚೆಚೀಟಿಗಳ ಹೊಸ ಸರಣಿಯೊಂದು ಹೊರಬಂತು. ಬೆಲೆಯ ಅಂಕಿಯ ಜೊತೆಗೆ ರೆಕ್ಕೆ ಬಿಚ್ಚಿ ಹಾರುವ ಒಂದು ಪಾರಿವಾಳ, ಅಷ್ಟೇ. ಸಾಮಾನ್ಯರ ಪತ್ರಗಳ ಮೇಲೆ ಈ ಪಾರಿವಾಳ ವರ್ಷಗಟ್ಟಲೆ ಊರೂರು ಸುತ್ತಿತು. ಅದನ್ನು ರಚಿಸಿದವರು ಕ್ರಿಸ್ ಲೆಬೊ. ಮೇಜುಬಟ್ಟೆ, ಪುಸ್ತಕದ ಹೊದಿಕೆ, ನಾಟಕದ ಪೋಸ್ಟರ್, ಗಾಜಿನ ಹೂದಾನಿ, ಹೀಗೆ ಜನ ದಿನವೂ ಮುಟ್ಟಿ ಬಳಸುವ ವಸ್ತುಗಳಿಗೆ ರೂಪ ಕೊಡುವುದರಲ್ಲೇ ಬದುಕು ಕಳೆದ ಕಲಾವಿದ ಅವರು. ಡಚ್ ಅಲಂಕಾರಿಕ ಕಲೆಯ ಚರಿತ್ರೆಯಲ್ಲಿ ಅವರದು ದೊಡ್ಡ ಹೆಸರು. ನಮ್ಮಲ್ಲಿ ಅವರನ್ನು ಬಲ್ಲವರು ಕಡಿಮೆ.

ಲೆಬೊ ಹುಟ್ಟಿದ್ದು 1878ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಮೊದಲು ಅಲ್ಲಿನ ಕ್ವೆಲ್ಲಿನಸ್ ಶಾಲೆಯಲ್ಲಿ, ಆಮೇಲೆ ಸರ್ಕಾರಿ ಕರಕುಶಲ ಕಲಾಶಾಲೆಯಲ್ಲಿ ಕಲಿತರು. ಯಂತ್ರದಲ್ಲಿ ರಾಶಿರಾಶಿಯಾಗಿ ತಯಾರಾಗುತ್ತಿದ್ದ ಸಾಮಾನುಗಳ ಮೇಲೆ ಹಳೆಯ ಶೈಲಿಗಳ ನಕಲನ್ನು ಹೇರುತ್ತಿದ್ದ ಕಾಲ ಅದು. ಅಲಂಕಾರವೆಂದರೆ ಮೇಲಿನಿಂದ ಅಂಟಿಸುವುದಲ್ಲ, ವಸ್ತುವಿನ ಗುಣದಿಂದ ಮತ್ತು ಅದನ್ನು ಮಾಡುವ ಕ್ರಮದಿಂದಲೇ ಹುಟ್ಟಬೇಕಾದದ್ದು ಎಂಬ ವಿಚಾರ ಯುವ ಕಲಾವಿದರಲ್ಲಿ ಬಲವಾಗುತ್ತಿತ್ತು. ಆಮ್‌ಸ್ಟರ್‌ಡ್ಯಾಮ್‌ನ ಥಿಯಾಸಫಿಸ್ಟರ ಒಂದು ಶಾಖೆಗೆ 'ವಾಹನ' ಎಂದು ಹೆಸರು. ಅಲ್ಲಿ ಲೌವೆರಿಕ್ಸ್ ಮತ್ತು ದೆ ಬಾಜೆಲ್ ಎಂಬ ವಾಸ್ತುಶಿಲ್ಪಿಗಳು ಚಿತ್ರಕಲೆಯ ತರಗತಿ ನಡೆಸುತ್ತಿದ್ದರು. ಚೌಕ, ತ್ರಿಕೋನ, ವೃತ್ತಗಳ ಲೆಕ್ಕದ ಮೇಲೆ ಇಡೀ ವಿನ್ಯಾಸವನ್ನು ಕಟ್ಟುವ ವಿಧಾನವನ್ನು ಲೆಬೊ ಇಲ್ಲಿ ಕಲಿತರು. ಆ ಲೆಕ್ಕ ಅವರ ಕೈಯನ್ನು ಕೊನೆವರೆಗೂ ಬಿಡಲಿಲ್ಲ.

ಜಾವಾದಿಂದ ಬಂದ ಮೇಣದ ಕಲೆ

ಲೆಬೊ ಅವರಿಗೆ ಮೊದಲು ಹೆಸರು ತಂದದ್ದು ಬಾಟಿಕ್. ಜಾವಾ ಆಗ ಡಚ್ಚರ ವಸಾಹತು. ಅಲ್ಲಿನ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದ ಈ ಕಲೆ 1890ರ ದಶಕದಲ್ಲಿ ಡಚ್ ಕಲಾವಿದರನ್ನು ಸೆಳೆಯಿತು. ಕ್ರಮ ಹೇಳಲು ಸುಲಭ, ಮಾಡಲು ಕಷ್ಟ. ಬಟ್ಟೆಯಲ್ಲಿ ಬಣ್ಣ ಹಿಡಿಯಬಾರದ ಕಡೆ ಕಾದ ಮೇಣದಿಂದ ಗೆರೆ ಎಳೆಯಬೇಕು. ಇದಕ್ಕೆ ಜಾವಾದಲ್ಲಿ ಬಳಸುವುದು ಚಾಂಟಿಂಗ್ ಎಂಬ ಉಪಕರಣ: ಹಿಡಿಕೆಯ ತುದಿಯಲ್ಲಿ ಪುಟ್ಟ ತಾಮ್ರದ ಬಟ್ಟಲು, ಅದಕ್ಕೊಂದು ಸಣ್ಣ ಕೊಳವೆ ಮೂತಿ. ಮೇಣ ಹೆಚ್ಚು ಕಾದರೆ ಹರಡುತ್ತದೆ, ಆರಿದರೆ ಬಟ್ಟೆಗೆ ಇಳಿಯುವುದಿಲ್ಲ. ಗೆರೆ ಮುಗಿದ ಮೇಲೆ ಬಟ್ಟೆಯನ್ನು ಬಣ್ಣದಲ್ಲಿ ಅದ್ದಿ, ಮೇಣ ಕರಗಿಸಿ ತೆಗೆದು, ಮುಂದಿನ ಬಣ್ಣಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಒಂದು ಹನಿ ತಪ್ಪಿ ಬಿದ್ದರೂ ಅದರ ಗುರುತು ಉಳಿದುಬಿಡುತ್ತದೆ.

ಲೆಬೊ ಈ ಕೆಲಸದಲ್ಲಿ ತೋರಿದ ಸೂಕ್ಷ್ಮತೆಗೆ ಆ ಕಾಲದ ಡಚ್ ಬಾಟಿಕ್‌ನಲ್ಲಿ ಸಾಟಿ ಸಿಗುವುದು ಕಷ್ಟ. ಕೋಣೆಗಳಲ್ಲಿ ಮರೆಗೆ ನಿಲ್ಲಿಸುವ ಮಡಿಸುವ ತೆರೆಗಳಿಗೆ ಅವರು ಮಾಡಿದ ಬಾಟಿಕ್ ಈಗ ವಸ್ತುಸಂಗ್ರಹಾಲಯ ಸೇರಿದೆ. 1900ರಲ್ಲಿ ಲೂಯಿ ಕುಪೇರಸ್ ಅವರ 'ಡ ಸ್ಟಿಲ್ಲ ಕ್ರಾಖ್ಟ್' ಕಾದಂಬರಿ ಪ್ರಕಟವಾದಾಗ, ಅದರ ವಿಶೇಷ ಪ್ರತಿಗಳಿಗೆ ಬಾಟಿಕ್ ಮಾಡಿದ ಮಖಮಲ್ಲಿನ ಹೊದಿಕೆಯನ್ನು ವಿನ್ಯಾಸಗೊಳಿಸಿದವರೂ ಲೆಬೊ. ಕಾದಂಬರಿ ನಡೆಯುವುದು ಜಾವಾದಲ್ಲಿ. ಡಚ್ ಅಧಿಕಾರಿಯೊಬ್ಬನ ಅಧಿಕಾರ ಆ ನೆಲದ ಅರಿಯದ ಶಕ್ತಿಯ ಮುಂದೆ ಸೋಲುವ ಕಥೆ ಅದು. ಅಂಥ ಪುಸ್ತಕಕ್ಕೆ ಜಾವಾದ ಜನರ ಕಲೆಯಲ್ಲೇ ಹೊದಿಕೆ ಮಾಡಿದ್ದು ಬರೀ ಅಂದಕ್ಕಲ್ಲ, ಅದು ಒಳಗಿನ ಕಥೆಗೆ ಸರಿಯಾಗಿ ಕೂರುವ ಮಾತು. ಡಚ್ ಪುಸ್ತಕ ಕಲೆಯ ಬಗ್ಗೆ ಬರೆಯುವವರು ಇವತ್ತಿಗೂ ಈ ಹೊದಿಕೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಬಿಳಿಯ ಮೇಲೆ ಬಿಳಿ

ಬಾಟಿಕ್ ದುಬಾರಿ, ಉಳ್ಳವರ ಮನೆಗೆ ಸಲ್ಲುವಂಥದು. ಲೆಬೊ ವಿನ್ಯಾಸಗಳು ಹೆಚ್ಚು ಮನೆಗಳಿಗೆ ತಲುಪಿದ್ದು ಡಮಾಸ್ಕ್ ಮೂಲಕ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರು ಐಂಡ್‌ಹೋವನ್‌ನ ಫಾನ್ ಡಿಸೆಲ್ ಲಿನನ್ ನೇಯ್ಗೆ ಕಾರ್ಖಾನೆಗೆ ಮೇಜುಬಟ್ಟೆ, ಕೈವಸ್ತ್ರಗಳ ವಿನ್ಯಾಸ ಮಾಡಲು ತೊಡಗಿದರು. ಆ ನಂಟು ದಶಕಗಳ ಕಾಲ ಉಳಿಯಿತು.

ಡಮಾಸ್ಕ್‌ನಲ್ಲಿ ಬಣ್ಣದ ಆಟವಿಲ್ಲ. ಹಾಸೂ ಬಿಳಿ, ಹೊಕ್ಕೂ ಬಿಳಿ. ಒಂದು ಕಡೆ ಹಾಸಿನ ಎಳೆಗಳು ಮೇಲೆದ್ದು ನಿಂತರೆ ಪಕ್ಕದಲ್ಲಿ ಹೊಕ್ಕಿನ ಎಳೆಗಳು ಮೇಲೆ ಬರುತ್ತವೆ. ಎರಡರ ಮೇಲೂ ಬೆಳಕು ಬೀಳುವ ರೀತಿ ಬೇರೆ, ಆ ವ್ಯತ್ಯಾಸದಿಂದಲೇ ಹೂವು, ಎಲೆ, ಮೀನು ಕಾಣಿಸಿಕೊಳ್ಳುತ್ತವೆ. ಬಟ್ಟೆಯನ್ನು ಸ್ವಲ್ಪ ತಿರುಗಿಸಿದರೆ ಹೊಳೆಯುತ್ತಿದ್ದದ್ದು ಮಂಕಾಗಿ, ಮಂಕಾಗಿದ್ದದ್ದು ಹೊಳೆಯತೊಡಗುತ್ತದೆ. ಇದನ್ನು ಸಾಧಿಸಲು ವಿನ್ಯಾಸಕಾರ ಮೊದಲು ಚೌಕುಳಿ ಹಾಳೆಯ ಮೇಲೆ ಚಿತ್ರವನ್ನು ಚೌಕ ಚೌಕವಾಗಿ ತುಂಬಬೇಕು. ಜಕಾರ್ಡ್ ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದು ಆ ಚೌಕಗಳಿಂದಲೇ ನಿರ್ಧಾರವಾಗುತ್ತದೆ. ನಂತರ ಅದಕ್ಕೆ ತಕ್ಕಂತೆ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ನಮ್ಮ ಸೀರೆ ನೇಕಾರರಿಗೆ ಈ ಚೌಕುಳಿ ಹಾಳೆ, ತೂತಿನ ಕಾರ್ಡುಗಳು ಹೊಸವೇನಲ್ಲ. ಲೆಬೊ ಮೊದಮೊದಲು ಗಿಡಬಳ್ಳಿ, ಪ್ರಾಣಿಗಳನ್ನು ಹೆಣೆದರು, ಬರಬರುತ್ತ ಶುದ್ಧ ರೇಖಾಗಣಿತಕ್ಕೆ ಬಂದರು. ತಟ್ಟೆ ಎಲ್ಲಿ ಬರುತ್ತದೆ, ಮೇಜಿನ ಅಂಚಿನಿಂದ ಬಟ್ಟೆ ಎಲ್ಲಿ ಇಳಿಬೀಳುತ್ತದೆ ಎಂಬುದು ಕೂಡ ಇಂಥ ವಿನ್ಯಾಸದ ಲೆಕ್ಕಕ್ಕೆ ಸೇರಿದ್ದು.

ಹಾರ್ಲೆಮ್‌ನ ಕರಕುಶಲ ಕಲಾಶಾಲೆಯಲ್ಲಿ ಅವರು ಪಾಠವನ್ನೂ ಹೇಳಿದರು. ಎಡ್ವರ್ಡ್ ಫೆರ್ಕಾಡೆ ಅವರ ನಾಟಕ ತಂಡಕ್ಕೆ 'ಹ್ಯಾಮ್ಲೆಟ್' ಮೊದಲಾದ ಪ್ರಯೋಗಗಳ ಪೋಸ್ಟರ್ ಬರೆದರು. 1920ರ ದಶಕದಲ್ಲಿ ಲೇರ್ಡಾಮ್ ಗಾಜಿನ ಕಾರ್ಖಾನೆಗೆ ಹೋದರು. ಅಲ್ಲಿನ ನಿರ್ದೇಶಕ ಕೋಖಿಯಸ್, ಸಾಮಾನ್ಯ ಗಾಜಿನ ಸಾಮಾನಿಗೂ ಒಳ್ಳೆಯ ರೂಪ ಬೇಕೆಂದು ಕಲಾವಿದರನ್ನು ಕರೆಸುತ್ತಿದ್ದರು. ಲೆಬೊ ಅಲ್ಲಿ ಗಾಜು ಊದುವ ಕೆಲಸಗಾರರ ಜೊತೆ ನಿಂತು, ಒಂದರಂತೆ ಇನ್ನೊಂದಿಲ್ಲದ ಹೂದಾನಿಗಳನ್ನು ಮಾಡಿಸಿದರು. ಮುಂದೆ ಬೊಹೀಮಿಯದ ಮೋಸರ್ ಗಾಜಿನ ಕಾರ್ಖಾನೆಗೂ ಕೆಲಸ ಮಾಡಿದರು.

ಕೈ ಮತ್ತು ನಂಬಿಕೆ

ಲೆಬೊ ಅರಾಜಕತಾವಾದಿ. ಯುದ್ಧವನ್ನು, ಸೈನ್ಯವನ್ನು ವಿರೋಧಿಸುತ್ತಿದ್ದರು. ಮಾಂಸ ತಿನ್ನುತ್ತಿರಲಿಲ್ಲ, ಮದ್ಯ ಮುಟ್ಟುತ್ತಿರಲಿಲ್ಲ. ಈ ನಂಬಿಕೆಗಳಿಗೆ ಅಗ್ನಿಪರೀಕ್ಷೆ ಬಂದದ್ದು 1940ರಲ್ಲಿ, ಜರ್ಮನ್ ಸೈನ್ಯ ನೆದರ್ಲೆಂಡ್ಸನ್ನು ವಶಪಡಿಸಿಕೊಂಡ ಮೇಲೆ. ಮರುವರ್ಷ ಎಲ್ಲರಿಗೂ ಗುರುತಿನ ಚೀಟಿ ಕಡ್ಡಾಯವಾಯಿತು. ಫೋಟೊ, ಬೆರಳಚ್ಚು, ನೀರುಗುರುತಿನ ಕಾಗದ ಎಲ್ಲವೂ ಸೇರಿ ಅದನ್ನು ನಕಲು ಮಾಡುವುದು ತೀರಾ ಕಷ್ಟವಾಗಿತ್ತು. ಯಹೂದಿಗಳ ಚೀಟಿಯ ಮೇಲೆ ದೊಡ್ಡ 'ಜೆ' ಅಕ್ಷರ ಒತ್ತುತ್ತಿದ್ದರು. ಆ ಅಕ್ಷರ ಇದ್ದವರ ಜೀವಕ್ಕೆ ಖಾತರಿ ಇರಲಿಲ್ಲ. ಅರವತ್ತು ದಾಟಿದ್ದ ಲೆಬೊ ಯಹೂದಿಗಳನ್ನು ಉಳಿಸಲು ಸುಳ್ಳು ಗುರುತಿನ ಪತ್ರಗಳನ್ನು ತಯಾರಿಸತೊಡಗಿದರು. ಕೂದಲೆಳೆಯ ಗೆರೆಯನ್ನೂ ತಪ್ಪದೆ ಎಳೆಯುತ್ತಿದ್ದ ಕೈ ಆಗ ಜನರ ಪ್ರಾಣ ಕಾಯುವ ಕೆಲಸಕ್ಕೆ ನಿಂತಿತು.

1943ರ ನವೆಂಬರ್‌ನಲ್ಲಿ ಅವರನ್ನು ಬಂಧಿಸಲಾಯಿತು. ಮೊದಲು ಫುಖ್ಟ್ ಶಿಬಿರ, ನಂತರ ಜರ್ಮನಿಯ ಡಖಾವ್. ಇನ್ನು ಮುಂದೆ ಇಂಥ ಕೆಲಸ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಬಿಡುಗಡೆಯ ದಾರಿ ಇತ್ತು. ಲೆಬೊ ಒಪ್ಪಲಿಲ್ಲ. 1945ರ ಏಪ್ರಿಲ್ 2ರಂದು, ನಿತ್ರಾಣರಾಗಿ, ಡಖಾವ್‌ನಲ್ಲೇ ತೀರಿಕೊಂಡರು. ಅದೇ ತಿಂಗಳ 29ಕ್ಕೆ ಅಮೆರಿಕನ್ ಸೈನ್ಯ ಆ ಶಿಬಿರವನ್ನು ಬಿಡಿಸಿತು.

ಅಲಂಕಾರಿಕ ಕಲೆಯನ್ನು ಚಿತ್ರ, ಶಿಲ್ಪಗಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸುವ ಅಭ್ಯಾಸ ಎಲ್ಲ ಕಡೆ ಇದೆ. ಲೆಬೊ ಬದುಕನ್ನು ಓದಿದವರು ಆ ಅಭ್ಯಾಸವನ್ನು ಮರುಯೋಚಿಸಬೇಕಾಗುತ್ತದೆ. ಊಟ ಮಾಡಿ ಕೈ ಒರೆಸುವ ಬಟ್ಟೆಯೂ ಶ್ರದ್ಧೆಗೆ ಅರ್ಹ ಎಂದು ನಂಬಿದ್ದ ಮನುಷ್ಯ, ತನಗೆ ಸಂಬಂಧವಿಲ್ಲದವರ ಜೀವವೂ ಅಷ್ಟೇ ಶ್ರದ್ಧೆಗೆ ಅರ್ಹ ಎಂದು ನಡೆದು ತೋರಿಸಿದರು. ನೆದರ್ಲೆಂಡ್ಸ್‌ಗೆ ಹೋಗುವ ಕನ್ನಡಿಗರು ವ್ಯಾನ್‌ಗೋ, ರೆಂಬ್ರಾಂಟ್‌ರ ಚಿತ್ರಗಳನ್ನು ಹೇಗೂ ನೋಡುತ್ತಾರೆ. ಒಂದು ದಿನ ಬಿಡುವು ಮಾಡಿಕೊಂಡು ಆಸನ್ ಊರಿನ ಡ್ರೆಂಟ್ಸ್ ಮ್ಯೂಸಿಯಂಗೂ ಟಿಲ್‌ಬರ್ಗ್‌ನ ಜವಳಿ ವಸ್ತುಸಂಗ್ರಹಾಲಯಕ್ಕೂ ಹೋಗಿಬನ್ನಿ. ಕ್ರಿಸ್ ಲೆಬೊ ಅವರ ಪರಿಚಯಕ್ಕೆ ಅವು ಒಳ್ಳೆಯ ಜಾಗಗಳು.