ಮಾತ್ರೆ ಪರ್ಯಾಯವಲ್ಲ, ಪೂರಕ

ಎರಡು ವರ್ಷಗಳ ಹಿಂದೆ, ದೀಪಾವಳಿಯ ರಾತ್ರಿ, ನಮ್ಮ ನಾಯಿ ನನ್ನ ಪತ್ನಿಯ ಕೈ ಕಚ್ಚಿತು. ಪಟಾಕಿಯ ಸದ್ದಿಗೆ ಬೆದರಿ ಮಂಚದಡಿ ಅವಿತಿದ್ದ ಅದನ್ನು ಸಂತೈಸಲೆಂದು ಆಕೆ ಹೊರಗೆಳೆಯಲು ಹೋಗಿದ್ದಳು. ಬಾಗಿಲ ಗಂಟೆಗೂ ಬೆಚ್ಚುವ ನಾಯಿ ಅದು. ಯಾರಿಗಾದರೂ ಕೊಟ್ಟುಬಿಡಿ ಎಂದು ಮಗ ಹೇಳಿದ. ಮನೆಗೆ ಬಂದುಹೋಗುವ ಪುಟ್ಟ ಮೊಮ್ಮಗಳನ್ನು ನೆನೆದರೆ ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ನಿದ್ದೆಯ ಮಾತ್ರೆ ಬರೆದುಕೊಡಿ ಎಂದು ಪಶುವೈದ್ಯರನ್ನು ಕೇಳಿದೆ. ಅವರು ಒಪ್ಪಲಿಲ್ಲ. ಅಸೆಪ್ರೊಮಜೀನ್‌ನಂಥ ಮಂಪರಿನ ಔಷಧಿ ಮೈಯನ್ನು ಸುಮ್ಮನಾಗಿಸುತ್ತದೆ, ಭಯವನ್ನಲ್ಲ ಎಂದರು. ಗದ್ದಲ ಅಡಗಿದೊಡನೆ ‘ಪರಿಸ್ಥಿತಿ ಶಾಂತವಾಗಿದೆ’ ಎಂದು ಸರ್ಕಾರಕ್ಕೆ ವರದಿ ಬರೆಯುತ್ತಿದ್ದ ನನಗೆ ಈ ಮಾತು ನಾಟಿತು.

ಅವರು ಮೊದಲು ಪರೀಕ್ಷಿಸಿದ್ದು ಕೀಲು, ಕಿವಿ, ಹಲ್ಲುಗಳನ್ನು. ನೋವಿನಿಂದ ಕಚ್ಚುವ ನಾಯಿಗೆ ಬೇಕಾದುದು ನೋವಿನ ಚಿಕಿತ್ಸೆ. ಬಳಿಕ ಬರೆದದ್ದು ಫ್ಲುಯಾಕ್ಸಟೀನ್, ಮನುಷ್ಯರ ಖಿನ್ನತೆಗೆ ಕೊಡುವ ಔಷಧಿಯೇ. ಒಡೆಯರ ಅಗಲಿಕೆಯಿಂದ ನಾಯಿಗಳಿಗಾಗುವ ಆತಂಕಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ 2007ರಲ್ಲಿ ಅನುಮತಿ ನೀಡಿತು. ಆದರೆ ವರ್ತನೆ ತಿದ್ದುವ ತರಬೇತಿಯೂ ಜೊತೆಗಿರಬೇಕೆಂದಿತು. ಕಚ್ಚುವ ಸ್ವಭಾವಕ್ಕೆ ಇದನ್ನು ಕೊಡುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಪರಿಣಾಮ ಕಾಣಲು ವಾರಗಳೇ ಬೇಕು. ಹಸಿವು ಕುಗ್ಗಬಹುದು, ಅಪರೂಪಕ್ಕೆ ಸಿಟ್ಟು ಹೆಚ್ಚಲೂಬಹುದು. ಮನೆಯವರ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡುವುದಾಗಲಿ, ಕೇಳದೆ ನಿಲ್ಲಿಸುವುದಾಗಲಿ ಸಲ್ಲದು.

ಅರ್ಥಶಾಸ್ತ್ರದ ಪಾಠದಲ್ಲಿ ಕಾಫಿಗೆ ಚಹಾ ಪರ್ಯಾಯ ಸರಕು, ಸಕ್ಕರೆ ಪೂರಕ ಸರಕು. ಮಾತ್ರೆಯನ್ನು ನಾನು ತರಬೇತಿಗೆ ಪರ್ಯಾಯವೆಂದು ಭಾವಿಸಿದ್ದೆ. ಅದು ಪೂರಕ. ಹೆದರಿ ನಡುಗುವ ಪ್ರಾಣಿ ಏನನ್ನೂ ಕಲಿಯಲಾರದು. ಔಷಧಿ ಆ ಭಯವನ್ನು ಕಲಿಯಬಹುದಾದಷ್ಟು ಇಳಿಸುತ್ತದೆ, ಅಷ್ಟೆ. ಕಲಿಸುವ ಕೆಲಸ ನಮ್ಮದೇ. ಧ್ವನಿಮುದ್ರಿತ ಪಟಾಕಿಯ ಸದ್ದನ್ನು ಮೊದಲು ಕೇಳಿಯೂ ಕೇಳದಂತೆ, ಕ್ರಮೇಣ ಜೋರಾಗಿ ಕೇಳಿಸುತ್ತ, ಪ್ರತಿ ಸಲವೂ ಪನೀರಿನ ತುಣುಕು ಕೊಡುತ್ತ, ನಾವಿಬ್ಬರೂ ತಿಂಗಳುಗಳನ್ನೇ ಕಳೆದೆವು.

ಇಷ್ಟು ತಾಳ್ಮೆ ಎಲ್ಲಿಂದ ತರೋಣ ಎಂದು ಕಚ್ಚಿದ ನಾಯಿಯನ್ನು ದೂರದ ಬಡಾವಣೆಯಲ್ಲಿ ಬಿಟ್ಟು ಬರುವವರಿದ್ದಾರೆ. ಅವರು ಸಮಸ್ಯೆಯನ್ನು ನೀಗಿಸುವುದಿಲ್ಲ. ಅದರ ವೆಚ್ಚವನ್ನು ಆ ಬೀದಿಯ ಮಕ್ಕಳ ಮೇಲೆ ಹೊರಿಸುತ್ತಾರೆ.

ಕಳೆದ ದೀಪಾವಳಿಯಂದೂ ನಮ್ಮ ನಾಯಿ ಮಂಚದಡಿ ಸೇರಿತು. ಈ ಬಾರಿ ಯಾರೂ ಹೊರಗೆಳೆಯಲಿಲ್ಲ. ಸದ್ದಿನ ನಡುವೆಯೇ ತಾನಾಗಿ ಬಂದು ಪತ್ನಿಯ ಕಾಲ ಬಳಿ ಮಲಗಿತು. ಆದರೂ ಮೊಮ್ಮಗಳು ಬಂದಾಗ ನಡುವಿನ ಬಾಗಿಲಿಗೆ ಚಿಲಕ ಹಾಕುವುದನ್ನು ನಾವು ಬಿಟ್ಟಿಲ್ಲ.